ಗಾಳಿ ತೂಗಿದ ರೆನ್ ಮೇಸ್ತ್ರಿ

ರೆನ್ ಯುಂಟಾಯ್ ಮೂವತ್ತನಾಲ್ಕು ವರ್ಷ ಲಾರಿ ತೂಗಿದವನು. ತಾಯ್‌ಯುವಾನ್ ಊರಿನ ದಕ್ಷಿಣದ ಅಂಚಿನಲ್ಲಿ ಒಂದು ಕಲ್ಲಿದ್ದಲು ಡಿಪೋ ಇತ್ತು. ಗಣಿಯಿಂದ ಬಂದ ಲಾರಿ ಮೊದಲು ಅವನ ವೇಬ್ರಿಡ್ಜ್ ಹತ್ತಬೇಕು, ಸರಕು ಇಳಿಸಿ ಖಾಲಿಯಾಗಿ ಇನ್ನೊಮ್ಮೆ ಹತ್ತಬೇಕು. ಎರಡು ತೂಕದ ನಡುವಿನ ವ್ಯತ್ಯಾಸವೇ ಕಲ್ಲಿದ್ದಲು. ಎರಡು ಸಲವೂ ಡ್ರೈವರ್ ಕೆಳಗಿಳಿದು ಹಳದಿ ಗೆರೆಯ ಆಚೆ ನಿಲ್ಲಬೇಕು. ಹಿಮ ಬೀಳಲಿ, ಕಿವಿ ಕತ್ತರಿಸುವಂಥ ಗಾಳಿ ಬೀಸಲಿ, ಡ್ರೈವರ್ ತನ್ನ ಸ್ವಂತ ಭಾವಮೈದುನನೇ ಆಗಿರಲಿ, ಇಳಿಯದಿದ್ದರೆ ಮೇಸ್ತ್ರಿ ಚೀಟಿ ಬರೆಯುತ್ತಿರಲಿಲ್ಲ. ಭಾವಮೈದುನ ಒಮ್ಮೆ ಬಂದಿದ್ದೂ ಉಂಟು. ಇಳಿದಿದ್ದೂ ಉಂಟು. ಆಮೇಲೆ ಆರು ವರ್ಷ ಮಾತು ಬಿಟ್ಟಿದ್ದ.

'ಸುಮಾರು' ಎನ್ನುವ ಮಾತು ರೆನ್ ಮೇಸ್ತ್ರಿಯ ಬಾಯಲ್ಲಿ ಬಂದದ್ದನ್ನು ಕೇಳಿದವರಿಲ್ಲ. ಗಂಟೆ ಎಷ್ಟು ಎಂದರೆ ಐದಕ್ಕೆ ಏಳು ನಿಮಿಷ ಇದೆ ಎನ್ನುತ್ತಿದ್ದ. ಅವನ ಹೆಂಡತಿ ಯೂಶಿಯಾ ನಲವತ್ತೊಂದು ವರ್ಷ ಅಡಿಗೆ ಮಾಡಿ ಬಡಿಸಿದ್ದಳು. ಚೆನ್ನಾಗಿದೆ ಎಂದು ಅವನು ಒಂದು ಸಲವೂ ಹೇಳಿರಲಿಲ್ಲ. ನಿನ್ನೆಗಿಂತ ಉಪ್ಪು ಒಂದು ಚಿಟಿಕೆ ಕಮ್ಮಿ ಎಂದು ಮಾತ್ರ ಹೇಳುತ್ತಿದ್ದ. ಯೂಶಿಯಾ ಅದನ್ನೇ ಹೊಗಳಿಕೆ ಎಂದು ಇಟ್ಟುಕೊಂಡಿದ್ದಳು.

ಮೇಸ್ತ್ರಿಗೆ ಎಪ್ಪತ್ತೊಂದಾದ ವರ್ಷ, ಚಳಿಗಾಲ ಶುರುವಾಗಿ ಮನೆ ಬೆಚ್ಚಗಿಡುವ ಕೊಳವೆಗಳಲ್ಲಿ ಬಿಸಿನೀರು ಬಿಟ್ಟ ಎರಡನೇ ವಾರ, ಡಿಪೋ ಕ್ವಾರ್ಟರ್ಸಿಗೆ ವಿಶ್ವವಿದ್ಯಾಲಯದಿಂದ ಲು ಎನ್ನುವ ಡಾಕ್ಟರ್ ಬಂದಳು. ಮೂವತ್ತೈದರ ಆಸುಪಾಸಿನ ಹೆಂಗಸು, ಮೃದು ಮಾತು, ಕೈಯಲ್ಲಿ ಯಾವಾಗಲೂ ಒಂದು ಕಡತ. ಗಾಳಿಯಲ್ಲಿ ಕಣ್ಣಿಗೆ ಕಾಣದ ನುಣ್ಣನೆ ಧೂಳು ಇರುತ್ತದೆ, ವಯಸ್ಸಾದವರು ದಿನಕ್ಕೆ ಅದನ್ನು ಎಷ್ಟು ಉಸಿರಾಡುತ್ತಾರೆ ಎಂದು ಅಳೆಯಬೇಕು, ಅರವತ್ತೈದು ದಾಟಿದ, ಬೀಡಿ ಸಿಗರೇಟು ಸೇದದ ಒಬ್ಬ ಗಂಡಸು ಬೇಕು ಎಂದು ಕೇಳಿದಳು. ಇಡೀ ಕ್ವಾರ್ಟರ್ಸಿನಲ್ಲಿ ಸೇದದ ಗಂಡಸರು ಇಬ್ಬರೇ. ಇನ್ನೊಬ್ಬ ಮಗಳ ಮನೆಗೆ ಹೋಗಿದ್ದ. ಹೀಗೆ ಆಯ್ಕೆ ನಡೆಯಿತು.

ಮೇಸ್ತ್ರಿಯ ಹೆಗಲಿಗೆ ಒಂದು ಬಟ್ಟೆಯ ಚೀಲ ಬಂತು. ಚೀಲದೊಳಗೆ ಜೀರುಂಡೆಯಂತೆ ಗುಂಯ್‌ಗುಡುವ ಪುಟ್ಟ ಪಂಪು, ಅದರಿಂದ ಹೊರಟ ಕೊಳವೆ ಅಂಗಿಯ ಕಾಲರಿಗೆ ಸಿಕ್ಕಿಸಿದ್ದು, ಮೇಲ್ಗಡೆ ಧೂಳಿನ ಅಂಕಿ ತೋರಿಸುವ ಸಣ್ಣ ಗಾಜು. ಮಲಗುವ ಕೋಣೆಗೆ ಗಾಳಿ ಶುದ್ಧ ಮಾಡುವ ಪೆಟ್ಟಿಗೆ ಬಂತು. ಅದು ಬೆಳ್ಳಗೆ, ಮೊಣಕಾಲೆತ್ತರ, ಹಣೆಯಲ್ಲಿ ಒಂದು ನೀಲಿ ದೀಪ. ಹದಿನಾಲ್ಕು ದಿನ ಪೆಟ್ಟಿಗೆ ಓಡಬೇಕು, ಹದಿನಾಲ್ಕು ದಿನ ಬಿಡುವು, ಆಮೇಲೆ ಇನ್ನೊಂದು ಪೆಟ್ಟಿಗೆ ಹದಿನಾಲ್ಕು ದಿನ. ಕಿಟಕಿ ಮುಚ್ಚಿರಬೇಕು. ಚೀಲ ಸದಾ ಮೈಮೇಲಿರಬೇಕು, ಮಲಗುವಾಗ ದಿಂಬಿನ ಪಕ್ಕ. ಅರ್ಧರ್ಧ ಗಂಟೆಗೆ ಎಲ್ಲಿದ್ದೆ, ಏನು ಮಾಡಿದೆ ಎಂದು ಪುಸ್ತಕದಲ್ಲಿ ಬರೆಯಬೇಕು. ಇಷ್ಟೂ ಹೇಳಿ ಡಾಕ್ಟರ್ ಲು ಕೊನೆಗೆ ಒಂದು ಮಾತು ಸೇರಿಸಿದಳು. "ದೊಡ್ಡಪ್ಪ, ಬೇರೇನೂ ಯೋಚ್ನೆ ಮಾಡ್ಬೇಡಿ. ದಿನಾ ಹೇಗಿರ್ತೀರೋ ಹಾಗೇ ಇರಿ."

ಆ ಮಾತೇ ಮೇಸ್ತ್ರಿಯ ನಿದ್ದೆ ಕೆಡಿಸಿತು. ತೂಕಕ್ಕೆ ಹತ್ತಿದ ಮೇಲೆ ದಿನಾ ಇದ್ದ ಹಾಗೆ ಇದ್ದ ಡ್ರೈವರನ್ನು ಅವನು ಮೂವತ್ತನಾಲ್ಕು ವರ್ಷದಲ್ಲಿ ಕಂಡಿರಲಿಲ್ಲ. ವೇಬ್ರಿಡ್ಜ್ ಹತ್ತುವಾಗ ಎಂಥ ಪುಂಡನೂ ಮೆಲ್ಲಗೆ ಹತ್ತುತ್ತಿದ್ದ, ಹತ್ತಿದವನೇ ಟೋಪಿ ಸರಿಮಾಡಿಕೊಳ್ಳುತ್ತಿದ್ದ. ತಾನು ದಿನಾ ಹೇಗಿರುತ್ತೇನೆ ಎಂದು ಮರುದಿನ ಬೆಳಿಗ್ಗೆ ಹೆಂಡತಿಯನ್ನೇ ಕೇಳಿದ. ಗಂಜಿಗೆ ಹಿಟ್ಟು ಕದಡುತ್ತಿದ್ದ ಯೂಶಿಯಾ ತಿರುಗಿಯೂ ನೋಡದೆ ಹೇಳಿದಳು: ಎದ್ದು ಕೆಮ್ಮುತ್ತೀಯ, ಗಡಿಯಾರಕ್ಕೆ ಕೀಲಿ ಕೊಡುತ್ತೀಯ, ಮಾರ್ಕೆಟ್ಟಿಗೆ ಹೋಗಿ ಮೂಲಂಗಿಯವನ ತಕ್ಕಡಿ ಸರಿಯಿಲ್ಲ ಅಂತ ಜಗಳ ಆಡುತ್ತೀಯ, ಬಂದು ನನ್ನ ತಲೆ ತಿನ್ನುತ್ತೀಯ.

ಮೇಸ್ತ್ರಿ ಅದನ್ನು ಹಾಗೇ ಬರೆದುಕೊಂಡು ಹಾಗೇ ಮಾಡತೊಡಗಿದ. ಮೊದಲ ದಿನದ ಪುಟದಲ್ಲಿ ಇಂದಿಗೂ ಹೀಗಿದೆ: 'ಆರು ಹತ್ತು, ಕೆಮ್ಮು, ನಾಲ್ಕು ಸಲ. ಆರು ಹದಿನೈದು, ಗಡಿಯಾರ. ಒಂಬತ್ತು ಹತ್ತು, ಮೂಲಂಗಿಯವನೊಡನೆ ಜಗಳ; ತಕ್ಕಡಿ ಇವತ್ತು ಸರಿ ಇತ್ತು, ಆದರೂ ಆಡಿದೆ.'

ಮೂರನೇ ದಿನ ಕೆಳಗಿನ ಮಹಡಿಯ ಜಿಯಾ ಅಜ್ಜಿ ಪೆಟ್ಟಿಗೆ ನೋಡಲು ಬಂದಳು. ಎಪ್ಪತ್ತೆಂಟು ವರ್ಷ, ಹೊಗೆಗೂಡಿನಂಥ ಎದೆ. ಅವಳ ಕೆಮ್ಮು ಕೇಳಿ ಮೂರೂ ಕಟ್ಟಡದವರು ಬೆಳಗಾಯಿತೆಂದು ತಿಳಿಯುತ್ತಿದ್ದರು. ಪೆಟ್ಟಿಗೆಯ ಎದುರು ಮಂಚದ ಅಂಚಿನಲ್ಲಿ ಕೂತು, ಅದರ ಗಾಳಿಗೆ ಮುಖ ಕೊಟ್ಟು, ಕಣ್ಣು ಮುಚ್ಚಿದಳು. ಇಪ್ಪತ್ತೈದು ನಿಮಿಷ ಒಂದೂ ಕೆಮ್ಮು ಬರಲಿಲ್ಲ. ಮೇಸ್ತ್ರಿ ಎಣಿಸಲು ಕಾದು ಕೂತಿದ್ದರಿಂದ ಇದು ಖಚಿತ.

"ಯೂಶಿಯಾ," ಎಂದಳು ಅಜ್ಜಿ ಕಣ್ಣು ತೆರೆದು, "ಬೆಟ್ಟದ ತುದೀಲಿ ಕೂತಂಗಾಯ್ತು ಕಣೆ."

ಬೆಟ್ಟದ ತುದಿಗೆ ಅಜ್ಜಿ ಜನ್ಮದಲ್ಲಿ ಹೋಗಿರಲಿಲ್ಲ. ಆದರೆ ಸಂಜೆಯೊಳಗೆ ಮೂರೂ ಕಟ್ಟಡಕ್ಕೆ ಸುದ್ದಿ ಮುಟ್ಟಿತು. ಮರುದಿನ ಐವರು ಬಂದರು, ಅದರ ಮರುದಿನ ಹನ್ನೆರಡು ಮಂದಿ, ವಾರ ತುಂಬುವಷ್ಟರಲ್ಲಿ ಹತ್ತೊಂಬತ್ತು. ಬರುವವರು ತಮ್ಮ ತಮ್ಮ ಮಣೆ, ಬಿಸಿನೀರಿನ ಫ್ಲಾಸ್ಕು, ಸೂರ್ಯಕಾಂತಿ ಬೀಜದ ಪೊಟ್ಟಣ ತಂದರು. ಯೂಶಿಯಾಗೆ ಮೊದಲು ಹೆಮ್ಮೆ. ಎಲ್ಲರಿಗೂ ಚಹಾ ಕೊಟ್ಟಳು. ಜನ ಬರತೊಡಗಿದ ನಾಲ್ಕನೇ ದಿನ ನೆಲದ ಮೇಲಿನ ಬೀಜದ ಸಿಪ್ಪೆ ಗುಡಿಸಿ ಸೊಂಟ ಹಿಡಿದ ಮೇಲೆ ಪಾಳಿ ಹಾಕಿದಳು: ಕೆಮ್ಮಿನವರು ಬೆಳಿಗ್ಗೆ, ರಕ್ತದೊತ್ತಡದವರು ಮಧ್ಯಾಹ್ನ, ಮಂಡಿನೋವಿನವರು ಸಂಜೆ. ಮಂಡಿಗೂ ಗಾಳಿಗೂ ಏನು ಸಂಬಂಧ ಎಂದು ಮೇಸ್ತ್ರಿ ಕೇಳಿದ್ದಕ್ಕೆ, ಮಂಡಿಯವರು ತಮ್ಮ ಮಂಡಿಯನ್ನು ಪೆಟ್ಟಿಗೆಯ ಕಡೆ ತಿರುಗಿಸಿಯೇ ಕೂರುತ್ತಾರೆ, ಅವರಿಗೇನೂ ತಪ್ಪು ತಿಳುವಳಿಕೆ ಇಲ್ಲ ಎಂದಳು.

ಒಬ್ಬ ತನ್ನ ಪಂಜರದ ಬಾನಾಡಿಯನ್ನು ತಂದ. ಹಕ್ಕಿಯ ಗಂಟಲು ಹೊಗೆಗೆ ಒಡೆದಿತ್ತಂತೆ. ಒಬ್ಬಾಕೆ ಹಬೆಯಲ್ಲಿ ಬೇಯಿಸುವ ರೊಟ್ಟಿಯ ಹಿಟ್ಟನ್ನು ಪಾತ್ರೆ ಸಮೇತ ಪೆಟ್ಟಿಗೆಯ ಮುಂದಿಟ್ಟಳು. ಇಲ್ಲಿ ಬೇಗ ಉಬ್ಬುತ್ತದೆ ಎಂದು ಅವಳ ಅನುಭವ. ಮತ್ತೊಬ್ಬರು ಹತ್ತಿಯ ರಜಾಯಿ ಒಡ್ಡಿದರು. ದಪ್ಪನೆಯ ಪಾಂಗ್ ರಕ್ತದೊತ್ತಡ ನೋಡುವ ಯಂತ್ರ ತಂದು, ಬರುವಾಗ ಒಮ್ಮೆ ಹೋಗುವಾಗ ಒಮ್ಮೆ ತೋಳಿಗೆ ಕಟ್ಟಿಕೊಂಡು, ಹತ್ತು ಇಳಿದಿದೆ ಎಂದು ಎಲ್ಲರಿಗೂ ತೋರಿಸಿದ. ಮೂರು ಮಹಡಿ ಹತ್ತಿ ಬಂದ ಏದುಸಿರಿಗೂ ಒಂದು ಗಂಟೆ ಕೂತ ನೆಮ್ಮದಿಗೂ ಹತ್ತರ ವ್ಯತ್ಯಾಸ ಸಹಜ ಎಂದು ಮೇಸ್ತ್ರಿ ಹೇಳಿ ನೋಡಿದ. ಪಾಂಗ್ ಕೇಳಲಿಲ್ಲ.

ಈ ಪಾಂಗ್ ಬೇರೆ ಯಾರೂ ಅಲ್ಲ, ಡಿಪೋಗೆ ಇಪ್ಪತ್ತೆಂಟು ವರ್ಷ ಲಾರಿ ಹೊಡೆದವನು. ತೊಂಬತ್ತೆರಡು ಕಿಲೋ ಆಳು. ತುಂಬಿದ ಲಾರಿಯ ಜೊತೆ ತಾನೂ ಕೂತು ತೂಗಿಸಿಕೊಂಡು, ಖಾಲಿ ಲಾರಿಯಿಂದ ಮಾತ್ರ ಮರ್ಯಾದೆಯಾಗಿ ಇಳಿದು ಬಿಡುವ ಹಂಚಿಕೆಯನ್ನು ಇಪ್ಪತ್ತೆಂಟು ವರ್ಷವೂ ಪ್ರಯತ್ನಿಸಿದ್ದ. ಇಪ್ಪತ್ತೆಂಟು ವರ್ಷವೂ ರೆನ್ ಮೇಸ್ತ್ರಿ ಗಾಜಿನ ಕಿಂಡಿಯಿಂದ ಬೆರಳು ಆಡಿಸಿ ಇಳಿಸಿದ್ದ.

ಮೇಸ್ತ್ರಿ ಪುಸ್ತಕದಲ್ಲಿ ಎಲ್ಲವನ್ನೂ ಬರೆದ. 'ಎರಡು ಹತ್ತು, ಹದಿನಾಲ್ಕು ಮಂದಿ, ಅದರಲ್ಲಿ ಕೆಮ್ಮುವವರು ಮೂರು, ಹಕ್ಕಿ ಒಂದು. ಎರಡು ಮೂವತ್ತು, ಪಾಂಗ್ ನಕ್ಕ, ಮಂಚ ಅಲುಗಿತು, ಧೂಳು.' ಬರೆದಂತೆಲ್ಲ ಅವನಿಗೆ ಒಳಗೊಳಗೇ ಕಸಿವಿಸಿ. ಚೀಲದ ಗಾಜಿನಲ್ಲಿ ಬೆಳಿಗ್ಗೆ ನೂರ ಹದಿನೆಂಟು ಇದ್ದದ್ದು ಮಧ್ಯಾಹ್ನ ನೂರ ತೊಂಬತ್ತಕ್ಕೆ ಏರುತ್ತಿತ್ತು. ರಸ್ತೆಯಲ್ಲೇ ನೂರ ಐವತ್ತು. ಅಳೆಯಬೇಕಾದದ್ದು ರೆನ್ ಯುಂಟಾಯ್ ಉಸಿರಾಡುವ ಧೂಳು. ಇಲ್ಲಿ ತೂಕಕ್ಕೆ ಕೂತಿರುವುದು ಇಡೀ ಕ್ವಾರ್ಟರ್ಸು. ಯಾರ ಹೊರೆ ಎಷ್ಟು ಎಂದು ಬಿಡಿಸದೆ ಈ ಲೆಕ್ಕಕ್ಕೆ ಅರ್ಥವೇ ಇಲ್ಲ.

ಹತ್ತನೇ ದಿನ ಮಧ್ಯಾಹ್ನ ಎಲ್ಲರನ್ನೂ ಮೆಟ್ಟಿಲ ಮೇಲೆ ನಿಲ್ಲಿಸಿದ. ತಾನೊಬ್ಬನೇ ಅರ್ಧ ಗಂಟೆ ಕೋಣೆಯಲ್ಲಿ ಕೂತು, ಬಂದ ಅಂಕಿಯನ್ನು ಖಾಲಿ ತೂಕ ಎಂದು ಬರೆದುಕೊಂಡ. ಆಮೇಲೆ ಒಬ್ಬೊಬ್ಬರನ್ನೇ ಒಳಗೆ ಕರೆದು ಹತ್ತು ನಿಮಿಷ ಕೂರಿಸಿ, ಏರಿದ ಅಂಕಿ ನೋಡಿ, ಹೊರಗೆ ಕಳಿಸಿ, ಅಂಕಿ ಇಳಿಯುವ ತನಕ ಕಾದು, ಮುಂದಿನವರನ್ನು ಕರೆದ. ಎರಡು ದಿನ ಹಿಡಿಯಿತು. ಮೂರನೇ ದಿನ ಬೆಳಿಗ್ಗೆ ಬಾಗಿಲಿಗೆ ಒಂದು ಹಾಳೆ ಅಂಟಿಸಿದ. ಜಿಯಾ ಅಜ್ಜಿ ಎರಡು. ಹಿಟ್ಟಿನಾಕೆ ಐದು. ಹಕ್ಕಿಯವನು ಮೂರು, ಹಕ್ಕಿ ಹದಿನಾಲ್ಕು. ಪಾಂಗ್ ಮೂವತ್ತೊಂದು.

ಪಾಂಗ್ ಹಾಳೆಯ ಮುಂದೆ ಬಹಳ ಹೊತ್ತು ನಿಂತಿದ್ದ.

"ಇಪ್ಪತ್ತೆಂಟು ವರ್ಷ ನನ್ನ ಲಾರಿ ತೂಗ್ದೆ," ಎಂದ. "ಈಗ ಇರೋದು ಉಸಿರೊಂದು. ಅದನ್ನೂ ತೂಗ್ಬಿಟ್ಯಾ ಮೇಸ್ತ್ರಿ?"

"ಉಸಿರಲ್ಲ. ನಿನ್ನ ಕೋಟು. ಇಪ್ಪತ್ತು ವರ್ಷದ ಸಿಗರೇಟು ಕೂತಿದೆ ಅದರಲ್ಲಿ."

"ಕೋಟು ಬಿಚ್ಚಿ ಬರ್ತೀನಿ. ಇನ್ನೊಂದ್ಸಲ ತೂಗು."

ಅವನು ಕೋಟು ಬಿಚ್ಚಿದ್ದಷ್ಟೇ ಅಲ್ಲ, ಸೀದಾ ಸಾರ್ವಜನಿಕ ಸ್ನಾನದ ಮನೆಗೆ ಹೋಗಿ, ಬೆನ್ನು ಉಜ್ಜಿಸಿಕೊಂಡು, ಮಗನ ಹೊಸ ಸ್ವೆಟರ್ ಹಾಕಿಕೊಂಡು ಬಂದ. ಮರುತೂಕದಲ್ಲಿ ಒಂಬತ್ತು ಬಂತು. ಆ ಒಂಬತ್ತನ್ನು ಅವನು ಪದಕದ ಹಾಗೆ ಕ್ವಾರ್ಟರ್ಸ್ ತುಂಬ ಹೇಳಿಕೊಂಡು ತಿರುಗಿದ. ಆ ಸಂಜೆ ಸ್ನಾನದ ಮನೆಯಲ್ಲಿ ಕೂರಲು ಹಲಗೆ ಸಿಗಲಿಲ್ಲ. ಹಕ್ಕಿಯವನು ಹಕ್ಕಿಯನ್ನೂ ನೀರಿಗೆ ಹಾಕಿದನೆಂದು, ಅದು ಮೂರು ದಿನ ಹಾಡುವುದನ್ನೇ ಬಿಟ್ಟಿತೆಂದು ಆಮೇಲೆ ತಿಳಿಯಿತು.

ಮನೆಯೊಳಗೆ ಬೇರೆಯೇ ಗಲಾಟೆ ಎದ್ದಿತ್ತು. ಯೂಶಿಯಾ ಹಾಳೆಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದ್ದಳು.

"ಮುದುಕಪ್ಪ, ನನ್ನ ಹೆಸರೆಲ್ಲಿ?"

ಮೇಸ್ತ್ರಿ ತಡವರಿಸದೆ ಉತ್ತರ ಕೊಟ್ಟ. ಅವಳು ಮೊದಲಿನಿಂದಲೂ ಮನೆಯಲ್ಲೇ, ಅಡಿಗೆಮನೆಯಲ್ಲೇ ಇದ್ದಳು. ಆದ್ದರಿಂದ ಅವಳು ಖಾಲಿ ತೂಕದಲ್ಲಿ ಸೇರಿದ್ದಾಳೆ, ಗೋಡೆ, ಮಂಚ, ಬೀರುವಿನ ಜೊತೆ. ಇದನ್ನು ಅವನು ತೀರಾ ಸರಳ ಸಂಗತಿಯೆಂಬಂತೆ ಹೇಳಿದ. ಆ ದಿನ ನೂಡಲ್ಸಿಗೆ ಉಪ್ಪು ಎರಡು ಪಟ್ಟು ಬಿತ್ತು, ಮರುದಿನ ಬೀಳಲೇ ಇಲ್ಲ. ಬೀರುವಿಗೆ ಉಪ್ಪಿನ ಅಳತೆ ಎಲ್ಲಿ ಗೊತ್ತಾಗುತ್ತದೆ ಎಂದು ಅವಳು ಒಲೆಗೆ ಹೇಳಿಕೊಂಡಳು. ಗಂಡನ ಜೊತೆ ಮಾತಿಲ್ಲ.

ಅನ್ಯಾಯ ಸರಿಪಡಿಸಬೇಕೆಂದು ಮೇಸ್ತ್ರಿ ಹದಿಮೂರನೇ ದಿನ ಅವಳನ್ನೂ ಮೆಟ್ಟಿಲಿಗೆ ಕಳಿಸಿದ. ಶಾಲು ಹೊದ್ದು ಅರ್ಧ ಗಂಟೆ ಚಳಿಯಲ್ಲಿ ನಿಂತು, ಒಳಗೆ ಬಂದು ಹತ್ತು ನಿಮಿಷ ಮಂಚದ ಮೇಲೆ ನೆಟ್ಟಗೆ ಕೂತಳು. ಅಂಕಿ ಕದಲಲಿಲ್ಲ. ಇನ್ನೊಮ್ಮೆ ಮಾಡಿಸಿದ. ಕದಲಲಿಲ್ಲ. ಮೂರನೇ ಸಲವೂ ಅಷ್ಟೇ. ಮೇಸ್ತ್ರಿಗೆ ಸಂತೋಷವಾಯಿತು, ಇಡೀ ಪಟ್ಟಿಯಲ್ಲಿ ಇಷ್ಟು ಶುದ್ಧವಾದ ಅಂಕಿ ಇನ್ನೊಂದಿರಲಿಲ್ಲ. ಪೆನ್ನು ತೆಗೆದು ಯೂಶಿಯಾ ಎಂದು ಬರೆದು ಮುಂದೆ ದುಂಡಗೆ ಸೊನ್ನೆ ಹಾಕಿದ.

"ಸೊನ್ನೆ," ಎಂದಳು ಅವಳು.

"ಸೊನ್ನೆ ಅಂದ್ರೆ ಒಳ್ಳೇದು."

"ನಲವತ್ತೊಂದು ವರ್ಷ ಈ ಮನೇಲಿ ಹಾಸಿಗೆ ಕೊಡವಿದೀನಿ, ಒಲೆ ಉರಿಸಿದೀನಿ, ನಿನ್ನ ಡಿಪೋ ಅಂಗಿಯ ಕರೀ ಮಸಿ ಒಗೆದಿದೀನಿ. ಕೊನೇಗೆ ನಾನು ಸೊನ್ನೆ. ಆ ಪಾಂಗ್ ಮೂವತ್ತೊಂದು."

ಅವಳು ಎದ್ದು ಅಡಿಗೆಮನೆಗೆ ಹೋದಳು. ಬಾಣಲೆ ಇಟ್ಟು, ಎಣ್ಣೆ ಹೊಗೆಯಾಡುವ ತನಕ ಕಾಯಿಸಿ, ಒಂದು ಬೊಗಸೆ ಒಣಮೆಣಸಿನಕಾಯಿ ಸುರಿದಳು. ಮೇಲಿನ ಮಹಡಿಯವರು ಕೆಮ್ಮಿದರು, ಕೆಳಗಿನ ಮಹಡಿಯವರು ಕೆಮ್ಮಿದರು, ಪೆಟ್ಟಿಗೆಯ ನೀಲಿ ದೀಪ ಮಾತ್ರ ತಣ್ಣಗೆ ಉರಿಯುತ್ತಿತ್ತು. ಮೇಸ್ತ್ರಿ ಕಣ್ಣೀರು ಒರೆಸಿಕೊಂಡು ಗಾಜು ನೋಡಿದ. ಆರುನೂರ ನಲವತ್ತು.

"ಈಗ ಬರಿ," ಎಂದಳು ಯೂಶಿಯಾ, ಬಾಣಲೆ ಹಿಡಿದು ಬಾಗಿಲಲ್ಲಿ ನಿಂತು.

ಮೇಸ್ತ್ರಿ ಸೊನ್ನೆ ಹೊಡೆದು ಹಾಕಿ ಖಾಲಿ ತೂಕ ಕಳೆದು ಬರೆದ. ಐನೂರ ಇಪ್ಪತ್ತೆರಡು. ಅವಳು ಬಗ್ಗಿ ಅದನ್ನು ಓದಿ, ಒಪ್ಪಿಗೆಯಾದವಳಂತೆ ತಲೆ ಆಡಿಸಿ, ಅದೇ ಮೆಣಸಿನಕಾಯಿಯಲ್ಲಿ ಆಲೂಗಡ್ಡೆ ಹುರಿದು ಬಡಿಸಿದಳು. ಉಪ್ಪು ಸರಿಯಾಗಿತ್ತು.

ಡಾಕ್ಟರ್ ಲು ಮುನ್ಸೂಚನೆ ಇಲ್ಲದೆ ಬಂದದ್ದು ಮರುದಿನ, ಹದಿನಾಲ್ಕನೇ ದಿನ. ಚೀಲದ ಅಂಕಿಗಳು ಅವಳ ಕಂಪ್ಯೂಟರಿಗೆ ತಲುಪುತ್ತಿದ್ದವು. ಚೀಲ ಕೆಟ್ಟಿದೆ ಎಂದುಕೊಂಡು ಬೇರೆ ಚೀಲ ತಂದಿದ್ದಳು. ಬಾಗಿಲು ತೆರೆದರೆ ಮಲಗುವ ಕೋಣೆಯಲ್ಲಿ ಹದಿನೇಳು ಮುದುಕ ಮುದುಕಿಯರು. ಎಲ್ಲರೂ ಹೊಸದಾಗಿ ಸ್ನಾನ ಮಾಡಿದವರು. ನಡುವೆ ಪಂಜರ, ರಜಾಯಿ, ಉಬ್ಬುತ್ತಿರುವ ಹಿಟ್ಟು. ಮಂಚದ ಮೇಲೆ ಚೀಲ ಹೆಗಲಿಗೇರಿಸಿ ಬರೆಯುತ್ತಿರುವ ಮೇಸ್ತ್ರಿ. ಅವಳು ಗದರಲಿಲ್ಲ. ಯಾರೋ ಬಿಟ್ಟುಕೊಟ್ಟ ಮಣೆಯಲ್ಲಿ ಕೂತು, ಒಂದು ಲೋಟ ಬಿಸಿನೀರು ಕೇಳಿ ಕುಡಿದು, ಪುಸ್ತಕ ತೆಗೆದುಕೊಂಡು ಮೊದಲ ಪುಟದಿಂದ ಓದಿದಳು. ಮೂಲಂಗಿಯವನ ಜಗಳ ಓದಿದಳು. ಮಂಚ ಅಲುಗಿದ್ದು ಓದಿದಳು. ಐನೂರ ಇಪ್ಪತ್ತೆರಡಕ್ಕೆ ಬಂದು ಯೂಶಿಯಾಳ ಮುಖ ನೋಡಿದಳು.

"ದೊಡ್ಡಪ್ಪ, ದಿನಾ ಹೇಗಿರ್ತೀರೋ ಹಾಗೇ ಇರಿ ಅಂದಿದ್ದೆ ನಾನು."

"ಹಾಗೇ ಇದೀವಿ ಡಾಕ್ಟ್ರಮ್ಮ," ಎಂದ ಮೇಸ್ತ್ರಿ. "ಈ ಕ್ವಾರ್ಟರ್ಸಲ್ಲಿ ಒಬ್ಬರ ಮನೆಗೆ ಏನಾದ್ರೂ ಬಂದ್ರೆ ಎಲ್ಲರೂ ಬರ್ತಾರೆ. ಮೊದಲ ಟಿವಿ ಬಂದಾಗ್ಲೂ ಬಂದಿದ್ರು. ಬಾರದೆ ಇದ್ದಿದ್ರೆ ಅದು ದಿನಾ ಇರೋ ಹಾಗೆ ಆಗ್ತಿರ್ಲಿಲ್ಲ."

ಅವಳು ಪುಸ್ತಕ ಮುಚ್ಚಿ ಮೇಸ್ತ್ರಿಯ ಕೈಗೆ ಕೊಟ್ಟಳು. ಮುಂದಿನ ಸಲ ಮಾತ್ರ ಗಂಡ ಹೆಂಡತಿ ಬಿಟ್ಟು ಯಾರೂ ಕೋಣೆಯೊಳಗೆ ಬರಬಾರದು ಎಂದು ಎಲ್ಲರ ಮುಂದೆ ಹೇಳಿ, ಪೆಟ್ಟಿಗೆ ಹೊರಿಸಿಕೊಂಡು ಹೋದಳು. ಕೆಳಗೆ ವ್ಯಾನಿನ ತನಕ ಜನ ಹೋಗಿ ಬೀಳ್ಕೊಟ್ಟರು. ಜಿಯಾ ಅಜ್ಜಿ ಪೆಟ್ಟಿಗೆಯ ನೆತ್ತಿ ಸವರಿದಳು.

ಹದಿನಾಲ್ಕು ದಿನ ಕಳೆದು ಎರಡನೇ ಪೆಟ್ಟಿಗೆ ಬಂತು. ಅದೇ ಬಿಳುಪು, ಅದೇ ಎತ್ತರ, ಅದೇ ನೀಲಿ ದೀಪ. ಒಂದೇ ಒಂದು ಸಲ ನೋಡಿ ಹೋಗುತ್ತೇವೆ ಎಂದು ಅಜ್ಜಿಯೂ ಪಾಂಗನೂ ಬಂದು, ಹೊಸ್ತಿಲಿನಲ್ಲಿ ಹತ್ತು ನಿಮಿಷ ಕೂತರು. ಮೇಸ್ತ್ರಿಯ ಗಾಜಿನಲ್ಲಿ ಹನ್ನೆರಡು ಇತ್ತು. ನೂರ ಹದಿನೆಂಟು ಇದ್ದ ಕೋಣೆಯಲ್ಲಿ ಹನ್ನೆರಡು. ಅವನು ಚೀಲವನ್ನು ತಟ್ಟಿ ನೋಡಿದ, ಕಿಟಕಿ ಒಂದು ಬೆರಳು ತೆರೆದು ನೋಡಿದ. ಅಂಕಿ ಏರಿತು, ಮುಚ್ಚಿದರೆ ಇಳಿಯಿತು. ಯಂತ್ರ ಸರಿಯಾಗಿದೆ.

ಅಜ್ಜಿ ಕೆಮ್ಮಲು ಶುರುಮಾಡಿದಳು. "ಇದು ಅದಲ್ಲ. ಇದರಲ್ಲಿ ಗಾಳಿ ತೆಳು."

"ಅಂಕಿ ನೋಡಕ್ಕ, ಹನ್ನೆರಡು. ಎಷ್ಟು ಕಮ್ಮಿ," ಎಂದ ಮೇಸ್ತ್ರಿ.

"ಅದನ್ನೇ ನಾನೂ ಹೇಳೋದು," ಎಂದ ಪಾಂಗ್. "ಅಂಕಿ ಕಮ್ಮಿ ಅಂದ್ಮೇಲೆ ಗಾಳೀನೇ ಕಮ್ಮಿ ತಾನೆ? ಬರೀ ಹನ್ನೆರಡರಲ್ಲಿ ಮನುಷ್ಯ ಬದುಕೋದು ಹೇಗೆ?"

ತೋಳಿಗೆ ಪಟ್ಟಿ ಕಟ್ಟಿ ನೋಡಿದ. ರಕ್ತದೊತ್ತಡ ಎಂಟು ಏರಿತ್ತು. ಆ ವಾರವೇ ಹದಿನಾರು ಮಂದಿ ಸಹಿ ಹಾಕಿದ ಪತ್ರ ವಿಶ್ವವಿದ್ಯಾಲಯಕ್ಕೆ ಹೋಯಿತು. ಮೊದಲಿನ ಪೆಟ್ಟಿಗೆಯನ್ನೇ ಮರಳಿ ಕೊಡಬೇಕು, ಈಗಿನದು ಅಗ್ಗದ ಮಾಲು, ಮುದುಕರೆಂದು ಮೋಸ ಮಾಡಬಾರದು ಎಂದು ಅದರಲ್ಲಿತ್ತು. ಮೇಸ್ತ್ರಿ ಸಹಿ ಹಾಕಲಿಲ್ಲ. ಅವನಿಗೆ ಆಗಲೇ ಒಂದು ಅನುಮಾನ ಮೂಡಿತ್ತು. ಡಾಕ್ಟರ್ ಲುಗೆ ಫೋನು ಮಾಡಿ, ಎರಡೂ ಪೆಟ್ಟಿಗೆ ಒಂದೇನಾ ಎಂದು ಕೇಳಿದ. ಯಾವ ಮನೆಗೆ ಮೊದಲು ಯಾವ ಪೆಟ್ಟಿಗೆ ಹೋಗಿದೆಯೆಂದು ತನಗೇ ಗೊತ್ತಿಲ್ಲ, ಗುಟ್ಟಿನ ಪಟ್ಟಿಯನ್ನು ಬೇರೆಯವರು ಬೀಗ ಹಾಕಿ ಇಟ್ಟಿದ್ದಾರೆ, ಎಲ್ಲ ಮುಗಿದ ಮೇಲೆಯೇ ತೆರೆಯುವುದು ಎಂದಳು. ಅಳೆಯುವವಳಿಗೇ ಏನು ಅಳೆಯುತ್ತಿದ್ದೇನೆಂದು ತಿಳಿಯದ ಏರ್ಪಾಡು ಮೇಸ್ತ್ರಿಗೆ ಬಹಳ ಹಿಡಿಸಿತು.

ವಸಂತ ಬಂದು ಕೊಳವೆಗಳ ಬಿಸಿನೀರು ನಿಂತ ಮೇಲೆ ಡಾಕ್ಟರ್ ಲು ಕ್ವಾರ್ಟರ್ಸಿನ ಚಟುವಟಿಕೆ ಕೋಣೆಗೆ ಎಲ್ಲರನ್ನೂ ಕರೆದಳು. ಪತ್ರ ಬರೆದವರಿಗೆ ಉತ್ತರ ಕೊಡಬೇಕಿತ್ತಲ್ಲ. ಗುಟ್ಟಿನ ಪಟ್ಟಿ ತೆರೆದಾಗಿತ್ತು. ಮೊದಲು ಬಂದ ಪೆಟ್ಟಿಗೆಯೊಳಗೆ ಧೂಳು ಹಿಡಿಯುವ ಪದರವೇ ಇರಲಿಲ್ಲ, ಬರೀ ಫ್ಯಾನು; ಎರಡನೆಯದೇ ನಿಜವಾದದ್ದು ಎಂದು ಅವಳು ನಿಧಾನವಾಗಿ, ಕ್ಷಮೆ ಕೇಳುವವಳಂತೆ ಹೇಳಿದಳು.

ಜಿಯಾ ಅಜ್ಜಿಯೇ ಮೊದಲು ಬಾಯಿ ಬಿಟ್ಟಳು.

"ಹಾಗಾದ್ರೆ ನನ್ನ ಕೆಮ್ಮು ನಿಲ್ಸಿದ್ದು ಯಾರವ್ವ?"

ಪಾಂಗ್ ಎದ್ದು ನಿಂತ. ಖಾಲಿ ಡಬ್ಬಿಯ ಮುಂದೆ ಅಷ್ಟು ದಿನ ತನ್ನನ್ನು ಕೂರಿಸಿದರು, ಅದಕ್ಕಾಗಿ ತಾನು ಬೆನ್ನಿನ ಚರ್ಮ ಸುಲಿಯುವ ಹಾಗೆ ಉಜ್ಜಿಸಿಕೊಂಡೆ ಎಂದು ಕೂಗಾಡಿದ. ಅವನನ್ನು ಯಾರೂ ಕೂರಿಸಿರಲಿಲ್ಲ, ತಾನೇ ಬಂದು ಕೂತಿದ್ದ, ಅದನ್ನು ಯೂಶಿಯಾ ನೆನಪಿಸಿದಳು.

ಮೇಸ್ತ್ರಿಯ ಮುಖ ಮಾತ್ರ ಬೆಳಗುತ್ತಿತ್ತು. ಎದ್ದು ನಿಂತು, ಇದರಲ್ಲಿ ಮೋಸ ಏನೂ ಇಲ್ಲ, ಮೊದಲು ಖಾಲಿ ತೂಗಿದ್ದಾರೆ, ಆಮೇಲೆ ತುಂಬಿದ್ದು ತೂಗಿದ್ದಾರೆ, ಖಾಲಿ ತೂಗದೆ ಹೊರೆ ಎಷ್ಟೆಂದು ದೇವರಿಗೂ ತಿಳಿಯುವುದಿಲ್ಲ ಎಂದು ಹೇಳಿದ. ಅವನು ಅಷ್ಟು ಹೊತ್ತು ನಿಂತು ಮಾತಾಡಿದ್ದನ್ನು ಕ್ವಾರ್ಟರ್ಸಿನವರು ಅದೇ ಮೊದಲು ಕಂಡದ್ದು. ಪಾಂಗ್ ಅರ್ಧಕ್ಕೇ ಕೂತುಬಿಟ್ಟ. ಇಪ್ಪತ್ತೆಂಟು ವರ್ಷ ಹಳದಿ ಗೆರೆಯ ಆಚೆ ನಿಂತವನಿಗೆ ಈ ಪಾಠ ಹೊಸದಲ್ಲ.

ಆಮೇಲೆ ಡಾಕ್ಟರ್ ಲು ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದು ಇನ್ನೊಂದು ಸುದ್ದಿ ಹೇಳಿದಳು. ಹತ್ತೊಂಬತ್ತು ಮಂದಿ, ಹಕ್ಕಿ, ಒಗ್ಗರಣೆ ಎಲ್ಲ ಸೇರಿದ್ದರಿಂದ ಅವನ ಅಂಕಿಗಳನ್ನು ಉಳಿದವರ ಜೊತೆ ಸೇರಿಸಲು ಬರುವುದಿಲ್ಲ. ವಿಶ್ವವಿದ್ಯಾಲಯದ ಹಿರಿಯರು ಅವನ್ನು ಕೈಬಿಡಿ ಎಂದಿದ್ದಾರೆ.

ಮೇಸ್ತ್ರಿ ತುಂಬ ಹೊತ್ತು ಕಾಲರನ್ನೇ ಮುಟ್ಟಿಕೊಳ್ಳುತ್ತಿದ್ದ, ಕೊಳವೆ ಇದ್ದ ಜಾಗವನ್ನು. ಡಿಪೋದ ಮೂವತ್ತನಾಲ್ಕು ವರ್ಷದಲ್ಲಿ ಅವನು ಬರೆದ ಚೀಟಿ ಒಂದೂ ಹಾಳಾಗಿರಲಿಲ್ಲ ಎಂದಲ್ಲ. ಹನ್ನೊಂದು ಹಾಳಾಗಿದ್ದವು, ಪ್ರತಿಯೊಂದರ ಮೇಲೂ ರದ್ದು ಎಂದು ಬರೆದು, ಕಾರಣ ಬರೆದು, ಸಹಿ ಮಾಡಿ ಇಟ್ಟಿದ್ದ. ಇದಕ್ಕೂ ಹಾಗೇ ಮಾಡಿ ಕೊಡಿ ಎಂದು ಕೇಳಿದ. ಡಾಕ್ಟರ್ ಲು ಪುಸ್ತಕದ ಕೊನೆಯ ಪುಟದಲ್ಲಿ ಬರೆದಳು: 'ರದ್ದು. ಕಾರಣ: ನೆರೆಹೊರೆ.' ಕೆಳಗೆ ಸಹಿ, ತಾರೀಖು. ಅವನು ಓದಿ, ಗಂಟೆಯನ್ನೂ ಹಾಕಿಸಿಕೊಂಡ. ಹನ್ನೊಂದು ಇಪ್ಪತ್ತಾರು.

ಅಂಕಿಗಳು ರದ್ದಾದರೂ ಪುಸ್ತಕ ರದ್ದಾಗಲಿಲ್ಲ. ಅಷ್ಟು ನಿಖರವಾಗಿ ದಿನಚರಿ ಬರೆದವರು ಬೇರೆ ಯಾರೂ ಇರಲಿಲ್ಲವಂತೆ. ಜೂನ್ ತಿಂಗಳಲ್ಲಿ ಡಾಕ್ಟರ್ ಲು ಅವನನ್ನೂ ಯೂಶಿಯಾಳನ್ನೂ ವಿಶ್ವವಿದ್ಯಾಲಯಕ್ಕೆ ಕರೆಸಿ, ತನ್ನ ಜೊತೆಯವರ ಮುಂದೆ ಪುಸ್ತಕ ಓದಿಸಿದಳು. ಮೇಸ್ತ್ರಿ ಕನ್ನಡಕ ಹಾಕಿಕೊಂಡು, ಆರು ಹತ್ತರ ಕೆಮ್ಮಿನಿಂದ ಹಿಡಿದು ನಲವತ್ತು ನಿಮಿಷ ಒಂದೇ ದನಿಯಲ್ಲಿ ಓದಿದ. ಕೆಲವರು ಬಾಯಿ ಮುಚ್ಚಿಕೊಂಡು ನಕ್ಕರು. ಯಾಕೆಂದು ಅವನಿಗೆ ಗೊತ್ತಾಗಲಿಲ್ಲ. ಮೆಣಸಿನಕಾಯಿಯ ಪುಟ ಬಂದಾಗ ಯೂಶಿಯಾ ಎದ್ದು ನಿಂತು ಎಲ್ಲರಿಗೂ ಕಾಣಿಸಿಕೊಂಡಳು.

ಊಟಕ್ಕೆ ಅಲ್ಲಿನ ಕ್ಯಾಂಟೀನಿಗೆ ಕರೆದೊಯ್ದರು. ಬೇಕಾದ್ದನ್ನು ತಟ್ಟೆಗೆ ಬಡಿಸಿಕೊಂಡು ತಕ್ಕಡಿಯ ಮೇಲಿಟ್ಟರೆ ತೂಕವೂ ಅದಕ್ಕೆ ತಕ್ಕ ಬೆಲೆಯೂ ಬರುವ ಕ್ಯಾಂಟೀನು ಅದು. ಮೇಸ್ತ್ರಿ ತಟ್ಟೆ ಇಟ್ಟ, ಅಂಕಿ ನೋಡಿದ, ತಟ್ಟೆ ತೆಗೆದ. ಹೆಗಲ ಚೀಲದಿಂದ ತನ್ನ ನೀರಿನ ಫ್ಲಾಸ್ಕು ತೆಗೆದು ಖಾಲಿ ಮಾಡಿ ಇಟ್ಟ. ಅದು ಮುನ್ನೂರ ನಲವತ್ತು ಗ್ರಾಂ ಎಂದು ಅವನಿಗೆ ಗೊತ್ತಿತ್ತು. ತಕ್ಕಡಿ ಮುನ್ನೂರ ನಲವತ್ತೆಂಟು ಎಂದಿತು. ಹಿಂದೆ ನಿಂತವರಿಗೆ ಸ್ವಲ್ಪ ತಡೆಯಿರಿ ಎಂದ. ತಕ್ಕಡಿಯ ಹುಡುಗಿ ತನ್ನ ಮೇಲಿನವರನ್ನು ಕರೆದಳು, ಅವರು ತಮ್ಮ ಮೇಲಿನವರನ್ನು ಕರೆದರು. ಸಾಲು ಬಾಗಿಲು ದಾಟಿ ಅಂಗಳಕ್ಕೆ ಹೋಯಿತು. ಡಾಕ್ಟರ್ ಲು ಎರಡು ಸಲ ಬಂದು ದೊಡ್ಡಪ್ಪ, ಊಟ ಆರುತ್ತೆ ಎಂದಳು.

ಯೂಶಿಯಾ ಆಗಲೇ ತನ್ನ ತಟ್ಟೆ ತೆಗೆದುಕೊಂಡು ಕಿಟಕಿಯ ಪಕ್ಕ ಕೂತಿದ್ದಳು. ಬದನೆಕಾಯಿ ಹುರಿದದ್ದು ಚೆನ್ನಾಗಿತ್ತು. ಅವರಿಗಾಗಿ ಕಾಯುವುದು ಬೇಡ, ನೀನೂ ಕೂತು ತಿನ್ನಮ್ಮ, ಇದು ಬೇಗ ಮುಗಿಯುವ ಕೆಲಸ ಅಲ್ಲ ಎಂದು ಡಾಕ್ಟರ್ ಲುಗೆ ಹೇಳಿದಳು. ಎರಡಕ್ಕೆ ಹನ್ನೊಂದು ನಿಮಿಷ ಇರುವಾಗ ರಿಪೇರಿಯವನು ಸ್ಕ್ರೂಡ್ರೈವರ್ ಹಿಡಿದು ಬಂದ. ಮೇಸ್ತ್ರಿ ತಕ್ಕಡಿಯ ಮೇಲೆ ಒರಗಿದ್ದ ಅವನ ಮೊಣಕೈ ತೋರಿಸಿ, ಮೊದಲು ಅದನ್ನು ತೆಗಿ ಎಂದ.